ಗೋಡೆಗೆ ಎಷ್ಟು ಬ್ಲಾಕ್ ಬೇಕು: ಅಳತೆ, ವರಸೆ, ಎಣಿಕೆಯ ಸಮಗ್ರ ಮಾರ್ಗದರ್ಶಿ

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಸಿಮೆಂಟ್ ಬ್ಲಾಕ್ ಕೇಳಲು ಹೋದರೆ ಮೊದಲು ಬರುವ ಪ್ರಶ್ನೆ ಒಂದೇ: ‘ನಾಲ್ಕಿಂಚಾ, ಆರಿಂಚಾ, ಎಂಟಿಂಚಾ?’ ಅದು ದಪ್ಪದ ಮಾತು. ಉದ್ದ, ಎತ್ತರದ ವಿಚಾರ ಯಾರೂ ಎತ್ತುವುದಿಲ್ಲ. ‘ಹದಿನಾರು ಎಂಟು’ ಎಂದು ಇಬ್ಬರೂ ಮನಸ್ಸಿನಲ್ಲೇ ಒಪ್ಪಿಕೊಂಡಿರುತ್ತಾರೆ. ಬ್ಲಾಕಿನ ಲೆಕ್ಕ ತಪ್ಪುವುದು ಅಲ್ಲಿಂದಲೇ.

ಗೋಡೆಯ ಒಟ್ಟು ಚದರಡಿ ತೆಗೆದು ಬಾಯಿಲೆಕ್ಕದ ಒಂದು ಸಂಖ್ಯೆಯಿಂದ ಗುಣಿಸಿದರೆ ಅಂದಾಜು ಸಿಗುತ್ತದೆ, ಎಣಿಕೆ ಸಿಗುವುದಿಲ್ಲ. ಬ್ಲಾಕ್ ಗೋಡೆಯನ್ನು ವರಸೆ ಲೆಕ್ಕದಲ್ಲಿ, ಅಂದರೆ ಒಂದರ ಮೇಲೊಂದು ಏರುವ ಅಡ್ಡ ಸಾಲುಗಳ ಲೆಕ್ಕದಲ್ಲಿ ಎಣಿಸಬೇಕು. ಅದಕ್ಕೂ ಮೊದಲು ಮನೆಯ ನಕ್ಷೆ ಬ್ಲಾಕಿನ ಅಳತೆಗೆ ಹೊಂದಿರಬೇಕು. ಚಿತ್ರದುರ್ಗದ ಕೋಟೆಯ ಗೋಡೆ ನೋಡಿ: ದೊಡ್ಡ ಕಲ್ಲು, ಸಣ್ಣ ಕಲ್ಲು, ಪಕ್ಕದ ಕಲ್ಲಿಗೆ ತಕ್ಕಂತೆ ಕಡಿದು ಕೂರಿಸಿದ ಕಲ್ಲು. ಬ್ಲಾಕಿನಲ್ಲಿ ಆ ಸ್ವಾತಂತ್ರ್ಯವಿಲ್ಲ, ಎಲ್ಲವೂ ಒಂದೇ ಅಚ್ಚಿನವು. ನಕ್ಷೆ ಬ್ಲಾಕಿಗೆ ಹೊಂದದಿದ್ದರೆ ವರಸೆ ವರಸೆಗೂ ಕತ್ತರಿಸುತ್ತಾ ಕೂರಬೇಕಾಗುತ್ತದೆ.

ಹೆಸರಿನ ಅಳತೆ ಬೇರೆ, ಕೈಗೆ ಸಿಗುವ ಅಳತೆ ಬೇರೆ

ಕಾಂಕ್ರೀಟ್ ಬ್ಲಾಕುಗಳ ಭಾರತೀಯ ಮಾನಕ ಐಎಸ್ 2185, ಭಾಗ 1. ಅದರ ಪ್ರಕಾರ ಎಂಟಿಂಚಿನ ಬ್ಲಾಕಿನ ಹೆಸರಿನ ಅಳತೆ 400 × 200 × 200 ಮಿ.ಮೀ., ನಿಜ ಅಳತೆ 390 × 190 × 190. ಆರಿಂಚಿನದು 390 × 140 × 190, ನಾಲ್ಕಿಂಚಿನದು 390 × 90 × 190. ಕಡಿಮೆಯಾಗಿ ಕಾಣುವ ಆ 10 ಮಿ.ಮೀ. ಗಾರೆಯ ಪಾಲು. ಬ್ಲಾಕ್ ಮತ್ತು ಗಾರೆ ಸೇರಿ 400 ಮತ್ತು 200 ಆಗುತ್ತದೆ. ಉದ್ದದಲ್ಲಿ 5 ಮಿ.ಮೀ., ಎತ್ತರ ಮತ್ತು ದಪ್ಪದಲ್ಲಿ 3 ಮಿ.ಮೀ. ಹೆಚ್ಚುಕಡಿಮೆ ಇದ್ದರೆ ಮಾನಕ ಒಪ್ಪುತ್ತದೆ.

ಆದರೆ ಎಲ್ಲ ಅಚ್ಚುಗಳೂ ಮಾನಕದವಲ್ಲ. ಪೂರ್ತಿ 16 × 8 ಇಂಚು, ಅಂದರೆ 406 × 203 ಮಿ.ಮೀ. ಬರುವ ಅಚ್ಚುಗಳೂ ಇವೆ. ಈ ಎರಡರ ಎಣಿಕೆ ಒಂದೇ ಅಲ್ಲ:

390 × 190 ಬ್ಲಾಕ್, 10 ಮಿ.ಮೀ. ಗಾರೆ: ಒಂದು ಚದರ ಮೀಟರಿಗೆ 12.5, ನೂರು ಚದರಡಿಗೆ 116.
406 × 203 ಬ್ಲಾಕ್, 10 ಮಿ.ಮೀ. ಗಾರೆ: ಒಂದು ಚದರ ಮೀಟರಿಗೆ 11.3, ನೂರು ಚದರಡಿಗೆ 105.

ನೂರು ಚದರಡಿಗೆ ಹನ್ನೊಂದು ಬ್ಲಾಕಿನ ಅಂತರ. ಒಂದು ಸಾವಿರ ಚದರಡಿ ಗೋಡೆಗೆ ನೂರಕ್ಕೂ ಮೇಲೆ. ಒಬ್ಬರಿಗೆ ಬ್ಲಾಕ್ ಮಿಕ್ಕಿ, ಇನ್ನೊಬ್ಬರಿಗೆ ಸಾಲದೆ ಬರುವುದಕ್ಕೆ ಬಹುಪಾಲು ಇದೇ ಕಾರಣ. ದರ ಹೋಲಿಸುವಾಗಲೂ ಇದು ನೆನಪಿರಲಿ: ಒಂದೆಡೆ ಬ್ಲಾಕಿಗೆ ಒಂದು ರೂಪಾಯಿ ಕಡಿಮೆ ಇದ್ದರೂ ಅಚ್ಚು ಸಣ್ಣದಿದ್ದರೆ ಗೋಡೆಯ ಲೆಕ್ಕದಲ್ಲಿ ಅದೇ ದುಬಾರಿಯಾಗಬಹುದು.

ಆದ್ದರಿಂದ ಆರ್ಡರ್ ಕೊಡುವ ಮುಂಚೆ ಟೇಪ್ ಹಿಡಿದು ಯಾರ್ಡಿಗೆ ಹೋಗಿ. ಒಂದೇ ಬ್ಲಾಕ್ ಅಳೆದರೆ ಸಾಲದು. ಹತ್ತು ಬ್ಲಾಕನ್ನು ಬೇರೆ ಬೇರೆ ರಾಶಿಯಿಂದ ಆರಿಸಿ, ಸಾಲಾಗಿ ಒಂದಕ್ಕೊಂದು ತಾಗಿಸಿಟ್ಟು ಒಟ್ಟು ಉದ್ದ ಅಳೆಯಿರಿ. ಮಾನಕದ ಅಚ್ಚಾದರೆ 3900 ಮಿ.ಮೀ. ಆಸುಪಾಸು ಬರಬೇಕು. ಐದು ಬ್ಲಾಕ್ ಒಂದರ ಮೇಲೊಂದು ಪೇರಿಸಿದರೆ 950. ಸಿಕ್ಕ ಸರಾಸರಿ ಉದ್ದಕ್ಕೂ ಎತ್ತರಕ್ಕೂ ತಲಾ 10 ಮಿ.ಮೀ. ಕೂಡಿಸಿ, ಎರಡನ್ನೂ ಗುಣಿಸಿ, ಆ ಉತ್ತರದಿಂದ ಹತ್ತು ಲಕ್ಷವನ್ನು ಭಾಗಿಸಿ. ಬರುವುದೇ ನಿಮ್ಮ ಬ್ಲಾಕಿನ ಚದರ ಮೀಟರ್ ಲೆಕ್ಕ. ಎತ್ತರದ ವ್ಯತ್ಯಾಸ ಉದ್ದದ ವ್ಯತ್ಯಾಸಕ್ಕಿಂತ ಹೆಚ್ಚು ಕಾಡುತ್ತದೆ. ಅಚ್ಚಿಗೆ ಮಾಲು ತುಂಬುವುದು ಹೆಚ್ಚುಕಡಿಮೆಯಾದರೆ ಒಂದು ಬ್ಲಾಕ್ 186, ಪಕ್ಕದ್ದು 196 ಬರುತ್ತದೆ. ಆ ವರಸೆಯನ್ನು ಸಮ ಮಾಡಲು ಗಾರೆ ದಪ್ಪವಾಗುತ್ತಾ ಹೋಗುತ್ತದೆ.

ಯಾವ ದಪ್ಪ ಎಲ್ಲಿಗೆ

ಸ್ಲ್ಯಾಬಿನ ಭಾರ ಗೋಡೆಯೇ ಹೊರುವ ಮನೆಗೆ ಎಂಟಿಂಚು. ಪಿಲ್ಲರ್, ಬೀಮ್ ಇರುವ ಮನೆಗೆ ಹೊರಗೋಡೆ ಆರಿಂಚು ಸಾಕು, ಒಳಗಿನ ಅಡ್ಡಗೋಡೆ ನಾಲ್ಕಿಂಚು. ನಾಲ್ಕಿಂಚಿನ ಗೋಡೆಯ ಮೇಲೆ ಸ್ಲ್ಯಾಬ್ ಕೂರಿಸಬಾರದು, ಅದರ ಕೆಲಸ ಕೋಣೆ ಬೇರ್ಪಡಿಸುವುದಷ್ಟೆ. ಚಳ್ಳಕೆರೆ, ಹಿರಿಯೂರು ಕಡೆಯ ಬೇಸಿಗೆಗೆ ಪಡುವಣ ಗೋಡೆಯನ್ನು ಆರಿಂಚಿಗೆ ಇಳಿಸುವ ಮುಂಚೆ ಯೋಚಿಸಿ. ಗಟ್ಟಿ ಕಾಂಕ್ರೀಟ್ ಬ್ಲಾಕ್ ಬಿಸಿಲನ್ನು ಇಟ್ಟಿಗೆಗಿಂತ ಬೇಗ ಒಳಗೆ ಬಿಡುತ್ತದೆ, ಸಂಜೆ ಗೋಡೆ ಮುಟ್ಟಿದರೆ ಕೈಗೆ ಗೊತ್ತಾಗುತ್ತದೆ. ಆ ಒಂದು ಗೋಡೆಗೆ ಎಂಟಿಂಚು, ಇಲ್ಲವೇ ಪೊಳ್ಳು ಬ್ಲಾಕ್ ಹಾಕುವುದು ಒಳ್ಳೆಯದು.

ಎತ್ತರವನ್ನು ವರಸೆಗೆ ಕೂರಿಸುವುದು

ನಮ್ಮಲ್ಲಿ ಎಲ್ಲ ಎತ್ತರಗಳೂ ಅಡಿಯಲ್ಲೇ ಇರುತ್ತವೆ. ಬಾಗಿಲು ಏಳಡಿ, ಕಿಟಕಿಯ ತಳ ಮೂರಡಿ, ಸ್ಲ್ಯಾಬ್ ಹತ್ತಡಿ. ಬ್ಲಾಕಿನ ವರಸೆ 200 ಮಿ.ಮೀ. ಏಳಡಿಯನ್ನು ಅದರಿಂದ ಭಾಗಿಸಿದರೆ ಹತ್ತೂ ಮುಕ್ಕಾಲು ವರಸೆಗೆ ಹತ್ತಿರ, ಮೂರಡಿಗೆ ನಾಲ್ಕೂವರೆಗೆ ಸ್ವಲ್ಪ ಮೇಲೆ. ಮೇಸ್ತ್ರಿ ಏನು ಮಾಡುತ್ತಾರೆ? ಬ್ಲಾಕ್ ಒಡೆದು ಚೂರು ತುರುಕುತ್ತಾರೆ, ಇಲ್ಲವೇ ಇಟ್ಟಿಗೆ ತಂದು ಒಂದು ಸಾಲು ಹಾಕುತ್ತಾರೆ. ಎರಡು ಬಗೆಯ ಸಾಮಾನು ಒಂದೇ ಗೋಡೆಯಲ್ಲಿ ಕೂತರೆ ಅವು ಕುಗ್ಗುವ ಪ್ರಮಾಣ ಬೇರೆ ಬೇರೆ. ಪ್ಲಾಸ್ಟರ್ ಆದ ಮೇಲೆ ಸರಿಯಾಗಿ ಆ ಗೆರೆಯಲ್ಲೇ ಬಿರುಕು ಏಳುತ್ತದೆ.

ಇದಕ್ಕೆ ಸರಳ ದಾರಿಯಿದೆ. ಪ್ಲಿಂತಿನ (ಪಾಯದ ಮೇಲೆ ನೆಲದ ಮಟ್ಟಕ್ಕೆ ಬರುವ ಕಟ್ಟೆ) ಮೇಲಿಂದ ಲೆಕ್ಕ ಹೀಗೆ ಹಾಕಿ:

ಮೊದಲು ನಾಲ್ಕು ವರಸೆ ಬ್ಲಾಕ್: 800 ಮಿ.ಮೀ.
ಅದರ ಮೇಲೆ ಕಿಟಕಿ ತಳದ ಕಾಂಕ್ರೀಟ್ ಪಟ್ಟಿ: 100. ಇಲ್ಲಿಗೆ 900.
ಕಿಟಕಿಯ ಪಕ್ಕ ಆರು ವರಸೆ: 1200. ಇಲ್ಲಿಗೆ 2100, ಲಿಂಟಲ್ (ಬಾಗಿಲು ಕಿಟಕಿಯ ಮೇಲಿನ ಕಾಂಕ್ರೀಟ್ ತೊಲೆ) ತಳ.
ಲಿಂಟಲ್: 150. ಇಲ್ಲಿಗೆ 2250.
ಅದರ ಮೇಲೆ ನಾಲ್ಕು ವರಸೆ: 800. ಒಟ್ಟು 3050.

ಹತ್ತಡಿ ಎಂದರೆ 3048 ಮಿ.ಮೀ. ಒಂದು ಬ್ಲಾಕನ್ನೂ ಅಡ್ಡ ಒಡೆಯದೆ ಸ್ಲ್ಯಾಬಿನ ತಳ ಹತ್ತಡಿಗೆ ಬಂದು ನಿಲ್ಲುತ್ತದೆ, ಬಾಗಿಲು ಏಳಡಿಗೆ ಸುಮಾರು ಒಂದೂಕಾಲು ಇಂಚಷ್ಟೇ ಕಡಿಮೆ. ಕಿಟಕಿ ತಳದ ಪಟ್ಟಿಯನ್ನು ಖರ್ಚೆಂದು ಬಿಡುವವರೇ ಹೆಚ್ಚು. ಆದರೆ ಬ್ಲಾಕ್ ಗೋಡೆಯಲ್ಲಿ ಕಿಟಕಿಯ ಕೆಳಮೂಲೆಯಿಂದ ಓರೆಯಾಗಿ ಇಳಿಯುವ ಬಿರುಕನ್ನು ತಡೆಯುವುದು ಅದೇ. ವರಸೆಯ ಲೆಕ್ಕ ಸರಿದೂಗಿಸುವುದೂ ಅದೇ. ಲಿಂಟಲನ್ನೂ ಕಿಟಕಿಯ ಮೇಲಷ್ಟೇ ನಿಲ್ಲಿಸದೆ ಮನೆಯ ಸುತ್ತ ಪಟ್ಟಿಯಾಗಿ ಓಡಿಸಿ.

ಒಟ್ಟಿನಲ್ಲಿ ಬ್ಲಾಕಿನ ವರಸೆ 14, ಬ್ಲಾಕ್ ಗೋಡೆಯ ಎತ್ತರ 2.8 ಮೀಟರ್. ಉಳಿದ 250 ಮಿ.ಮೀ. ಕಾಂಕ್ರೀಟಿನ ಲೆಕ್ಕಕ್ಕೆ ಹೋಗುತ್ತದೆ. ಹತ್ತಡಿ ಎತ್ತರವನ್ನು ಹಾಗೇ ಗುಣಿಸಿದವರು ಈ ಎರಡು ಪಟ್ಟಿಗಳಿಗೂ ಬ್ಲಾಕ್ ಕೊಂಡಿರುತ್ತಾರೆ.

ಉದ್ದವನ್ನು ಬ್ಲಾಕಿಗೆ ಕೂರಿಸುವುದು

ನಕ್ಷೆ ಬರೆಯುವ ಇಂಜಿನಿಯರಿಗೆ ಇಷ್ಟು ಹೇಳಿ: ಗೋಡೆಯ ಹೊರ ಅಳತೆ, ಬಾಗಿಲು ಕಿಟಕಿಯ ಅಗಲ, ಎರಡು ಕಿಟಕಿಗಳ ನಡುವಿನ ಗೋಡೆ ಎಲ್ಲವೂ 200 ಮಿ.ಮೀ.ನ ಗುಣಕದಲ್ಲಿರಲಿ. ಬಾಗಿಲು 900 ಬೇಡ, 800 ಅಥವಾ 1000 ಇರಲಿ. ಕಿಟಕಿ 1200 ಅಥವಾ 1600. ಗೋಡೆಯ ತುಂಡಿನ ನಿಜ ಉದ್ದ ಈ ಸಂಖ್ಯೆಗಿಂತ 10 ಮಿ.ಮೀ. ಕಡಿಮೆ, ತೆರಪಿನ (ಬಾಗಿಲು ಕಿಟಕಿಗೆ ಬಿಟ್ಟ ಜಾಗ) ನಿಜ ಅಗಲ 10 ಮಿ.ಮೀ. ಹೆಚ್ಚು. ಏಕೆಂದರೆ ಗೋಡೆಯ ತುದಿಯಲ್ಲಿ ಗಾರೆಯ ಸಂದು ಇರುವುದಿಲ್ಲ. ನಕ್ಷೆಯಲ್ಲಿ 7.2 ಮೀಟರ್ ಇದ್ದರೆ ಹದಿನೆಂಟು ಬ್ಲಾಕ್ ಕೂತು ಗೋಡೆ 7190 ಬರುತ್ತದೆ. ಬಾಗಿಲ ಚೌಕಟ್ಟು ಮಾಡಿಸುವಾಗ ಚೌಕಟ್ಟಿನ ಹೊರ ಅಳತೆಯನ್ನು ಈ ತೆರಪಿಗೆ ಹೊಂದಿಸಿ. ಬಡಗಿ ಒಳ ಅಳತೆ ಹೇಳುತ್ತಾರೆ, ಮೇಸ್ತ್ರಿ ಹೊರ ಅಳತೆ ಕೇಳಿಸಿಕೊಳ್ಳುತ್ತಾರೆ. ಇದೊಂದು ಗೊಂದಲಕ್ಕೆ ಕಟ್ಟಿದ ಗೋಡೆ ಒಡೆಯುವುದಿದೆ.

ಮೂಲೆಯಲ್ಲಿ ಎಂಟಿಂಚಿನ ಬ್ಲಾಕ್ ಸಲೀಸು. ಉದ್ದ 400, ದಪ್ಪ 200, ಒಂದರ ಅರ್ಧ ಇನ್ನೊಂದು. ವರಸೆ ಬಿಟ್ಟು ವರಸೆ ತಿರುಗಿಸಿ ಕೂರಿಸಿದರೆ ಸಂದು ತಾನಾಗಿಯೇ ಅರ್ಧಕ್ಕೆ ಬೀಳುತ್ತದೆ. ಆರಿಂಚಿನಲ್ಲಿ ಹಾಗಾಗುವುದಿಲ್ಲ. ಮೂಲೆ ತಿರುಗಿಸಿದರೆ ಮೇಲು ಕೆಳಗಿನ ಸಂದುಗಳ ನಡುವೆ ಒಂದೆಡೆ 150, ಇನ್ನೊಂದೆಡೆ 250 ಬರುತ್ತದೆ. ಅದು ನಡೆಯುತ್ತದೆ. ನಾಲ್ಕಿಂಚಿನಲ್ಲಿ ಒಂದೆಡೆ 100 ಮಾತ್ರ ಉಳಿಯುತ್ತದೆ, ಅದು ಕಡೆಯ ಮಿತಿ. ಅಲ್ಲಿ ವರಸೆ ಬಿಟ್ಟು ವರಸೆ ಮೂಲೆಯ ಬ್ಲಾಕನ್ನು 300ಕ್ಕೆ ಕತ್ತರಿಸಿದರೆ ಮುಂದಿನ ಸಂದುಗಳೆಲ್ಲ ಅರ್ಧಕ್ಕೆ ಬರುತ್ತವೆ. ಆರಿಂಚಿಗೂ ಬೇಕೆನಿಸಿದರೆ 350ಕ್ಕೆ ಕತ್ತರಿಸಿ.

ಎಣಿಕೆ: 30 × 40 ಸೈಟಿನ ಒಂದು ಮನೆ

ಮೂವತ್ತು ನಲವತ್ತರ ಸೈಟು 9.14 × 12.19 ಮೀಟರ್. ಅದರಲ್ಲಿ ಹೊರ ಅಳತೆ 7.2 × 9.6 ಮೀಟರಿನ ಒಂದೇ ಅಂತಸ್ತಿನ ಮನೆ ಇಟ್ಟುಕೊಳ್ಳೋಣ. ಸುತ್ತ ಬಿಡಬೇಕಾದ ಜಾಗ ಎಷ್ಟೆಂದು ಪಾಲಿಕೆ ಅಥವಾ ನಗರಸಭೆಯ ನಿಯಮ ನೋಡಿಕೊಳ್ಳಿ. ಭಾರ ಹೊರುವ ಗೋಡೆ, ಎಂಟಿಂಚಿನ ಗಟ್ಟಿ ಬ್ಲಾಕ್, ನಡುವೆ ಒಂದು ಅಡ್ಡ ಭಾರಗೋಡೆ, ಒಳಗೆ ಒಟ್ಟು 9 ಮೀಟರ್ ನಾಲ್ಕಿಂಚಿನ ಗೋಡೆ.

ಮೊದಲ ಹೆಜ್ಜೆ ಉದ್ದ. ಉದ್ದನೆಯ ಎರಡು ಗೋಡೆ ಪೂರ್ತಿ: 9.6 + 9.6 = 19.2. ಅಡ್ಡ ಗೋಡೆಗಳನ್ನು ಒಳಗಿನಿಂದ ಒಳಗೆ: 7.2ರಲ್ಲಿ ಎರಡು ಕಡೆಯ ದಪ್ಪ 0.4 ಕಳೆದು 6.8. ಹೊರಗಿನವು ಎರಡು, ನಡುವಿನದೊಂದು, ಸೇರಿ 20.4. ಒಟ್ಟು 39.6 ಮೀಟರ್. ನಾಲ್ಕೂ ಕಡೆ ಹೊರ ಅಳತೆ ಹಿಡಿದರೆ ಮೂಲೆಗಳು ಎರಡೆರಡು ಸಲ ಲೆಕ್ಕಕ್ಕೆ ಬರುತ್ತವೆ. ನಾಲ್ಕು ಮೂಲೆಗೆ 0.8 ಮೀಟರ್, ಅಂದರೆ ಇಪ್ಪತ್ತೆಂಟು ಬ್ಲಾಕ್ ಸುಮ್ಮನೆ ಸೇರಿಬಿಡುತ್ತವೆ.

ಎರಡನೆಯದು ಒಟ್ಟು ವಿಸ್ತೀರ್ಣ: 39.6 × 2.8 = 110.88 ಚದರ ಮೀಟರ್.

ಮೂರನೆಯದು ತೆರಪು ಕಳೆಯುವುದು. ಬಾಗಿಲು 2.1 ಮೀಟರ್ ಎತ್ತರವಿದ್ದರೂ ಅದರಲ್ಲಿ 0.1 ಕಾಂಕ್ರೀಟ್ ಪಟ್ಟಿಯ ಜಾಗ. ಬ್ಲಾಕಿನ ಲೆಕ್ಕದಲ್ಲಿ 2.0 ಮಾತ್ರ ಕಳೆಯಬೇಕು.

ಮುಂಬಾಗಿಲು 1.2 × 2.0 = 2.40
ಹಿಂಬಾಗಿಲು 1.0 × 2.0 = 2.00
ನಡುಗೋಡೆಯ ಬಾಗಿಲು ಎರಡು, 1.0 × 2.0 = 4.00
ಕಿಟಕಿ ಐದು, 1.2 × 1.2 = 7.20
ಹಜಾರದ ಕಿಟಕಿ ಒಂದು, 1.6 × 1.2 = 1.92
ಬಚ್ಚಲಿನ ಗಾಳಿಕಿಂಡಿ 0.6 × 0.6 = 0.36

ಒಟ್ಟು 17.88. ಉಳಿದದ್ದು 93 ಚದರ ಮೀಟರ್, ಹೆಚ್ಚುಕಡಿಮೆ ಒಂದು ಸಾವಿರ ಚದರಡಿ. 93 × 12.5 = 1163 ಬ್ಲಾಕ್.

ನಾಲ್ಕಿಂಚಿನ ಗೋಡೆ: 9.0 × 2.8 = 25.2. ಕೋಣೆಯ ಬಾಗಿಲು 2.0, ಬಚ್ಚಲ ಬಾಗಿಲು 0.8 × 2.0 = 1.6 ಕಳೆದರೆ 21.6. ಬ್ಲಾಕ್ 270.

ಪ್ಯಾರಾಪೆಟ್ ಆರಿಂಚಿನದು, ನಾಲ್ಕು ವರಸೆ, ಮೇಲೆ 100 ಮಿ.ಮೀ. ಕಾಂಕ್ರೀಟ್ ಪಟ್ಟಿ, ಒಟ್ಟು 900. ಸುತ್ತಳತೆ ಮೂಲೆ ಕಳೆದು 33 ಮೀಟರ್. 33 × 0.8 = 26.4 ಚದರ ಮೀಟರ್, ಬ್ಲಾಕ್ 330.

ಸರ್ಕಾರಿ ಕೆಲಸದ ಅಂದಾಜಿನಲ್ಲಿ ದಪ್ಪ ಗೋಡೆ ಘನ ಮೀಟರಿನಲ್ಲಿರುತ್ತದೆ. ಆಗ ಒಂದು ಘನ ಮೀಟರಿಗೆ ಎಂಟಿಂಚಿನವು 62.5, ಆರಿಂಚಿನವು 83.3, ನಾಲ್ಕಿಂಚಿನವು 125 ಎಂದು ಹಿಡಿಯಿರಿ.

ಇಲ್ಲಿ ಒಂದು ಎಚ್ಚರ. ಮೇಸ್ತ್ರಿಯ ಕೂಲಿ ಅಳತೆಯೂ ಬ್ಲಾಕಿನ ಅಳತೆಯೂ ಒಂದೇ ಅಲ್ಲ. ಕೂಲಿಗೆ ಬಾಗಿಲು ಕಿಟಕಿ ಕಳೆಯದೆ ಅಳೆಯುವ ರೂಢಿ ಹಲವೆಡೆ ಇದೆ, ಏಕೆಂದರೆ ತೆರಪಿನ ಅಂಚು ಕಟ್ಟುವುದು ನಿಧಾನದ ಕೆಲಸ. ಐಎಸ್ 1200ರ ಅಳತೆ ನಿಯಮದಲ್ಲಿ 0.1 ಚದರ ಮೀಟರಿಗಿಂತ ದೊಡ್ಡ ತೆರಪನ್ನೆಲ್ಲ ಕಳೆಯಬೇಕು. ಯಾವುದೆಂದು ಕೆಲಸ ಶುರುವಾಗುವ ಮುಂಚೆ ಬರೆದಿಟ್ಟುಕೊಳ್ಳಿ. ಕೂಲಿ ಅಳತೆಯ ಚೀಟಿ ನೋಡಿ ಬ್ಲಾಕ್ ತರಿಸಬೇಡಿ.

ವೇಸ್ಟ್ ಎಲ್ಲಿಂದ ಬರುತ್ತದೆ

‘ಐದು ಪರ್ಸೆಂಟ್ ವೇಸ್ಟ್ ಹಾಕಿ’ ಎನ್ನುವುದು ಎಲ್ಲರ ಬಾಯಲ್ಲಿದೆ. ಆ ಐದು ಎಲ್ಲಿ ಹೋಗುತ್ತದೆಂದು ಎಣಿಸಿದರೆ ಅದನ್ನು ತಗ್ಗಿಸಬಹುದು.

ತೆರಪಿನ ಪ್ರತಿ ಅಂಚಿನಲ್ಲಿ ವರಸೆ ಬಿಟ್ಟು ವರಸೆ ಅರ್ಧ ಬ್ಲಾಕ್ ಬೇಕು. ಎರಡು ಅಂಚು ಸೇರಿದರೆ ತೆರಪಿನ ಎತ್ತರ ಎಷ್ಟು ವರಸೆಯೋ ಅಷ್ಟು ಅರ್ಧ ಬ್ಲಾಕ್. ಬಾಗಿಲಿಗೆ ಹತ್ತು, ಕಿಟಕಿಗೆ ಆರು, ಗಾಳಿಕಿಂಡಿಗೆ ಮೂರು. ನಮ್ಮ ಮನೆಯ ಎಂಟಿಂಚಿನ ಗೋಡೆಯಲ್ಲಿ ನಾಲ್ಕು ಬಾಗಿಲಿಗೆ 40, ಆರು ಕಿಟಕಿಗೆ 36, ಕಿಂಡಿಗೆ 3, ಒಟ್ಟು 79. ಗ್ರೈಂಡರಿನಲ್ಲಿ ಕತ್ತರಿಸಿದರೆ 390ರಲ್ಲಿ ಎರಡು ತುಂಡು ಸಿಗುತ್ತವೆ, 40 ಬ್ಲಾಕಿನಲ್ಲಿ ಮುಗಿಯುತ್ತದೆ. ಇವು ವಿಸ್ತೀರ್ಣದ ಲೆಕ್ಕದಲ್ಲಿ ಆಗಲೇ ಸೇರಿವೆ. ಸುತ್ತಿಗೆಯಲ್ಲಿ ಹೊಡೆದರೆ ಒಂದು ತುಂಡು ಉಳಿದು ಇನ್ನೊಂದು ಪುಡಿಯಾಗುತ್ತದೆ. ಆಗ 79 ಬ್ಲಾಕ್ ಹೋಗುತ್ತದೆ. ಸುಮಾರು 40 ಬ್ಲಾಕ್ ಹೆಚ್ಚು, 1163ಕ್ಕೆ ಮೂರೂವರೆ ಪರ್ಸೆಂಟಿನಷ್ಟು. ಅಂದರೆ ಬಾಯಿಲೆಕ್ಕದ ವೇಸ್ಟಿನ ದೊಡ್ಡ ಪಾಲು ಸುತ್ತಿಗೆಯದು. ಅರ್ಧ ಅಚ್ಚಿನ ಬ್ಲಾಕ್ ಮಾಡಿಕೊಡುವವರಿದ್ದರೆ ಬೇಕಾದಷ್ಟನ್ನು ಎಣಿಸಿ ಅದನ್ನೇ ತರಿಸಿ.

ಗ್ರೈಂಡರ್ ಇದ್ದರೆ ಸಾಗಣೆಯಲ್ಲಿ ಒಡೆಯುವುದಕ್ಕೆಂದು ಎರಡು ಪರ್ಸೆಂಟ್ ಸಾಕು. ಇಲ್ಲದಿದ್ದರೆ ಎಂಟಿಂಚು, ಆರಿಂಚಿಗೆ ನಾಲ್ಕರಿಂದ ಐದು, ನಾಲ್ಕಿಂಚಿಗೆ ಐದು. ನಾಲ್ಕು ಮತ್ತು ಐದು ಹಿಡಿದರೆ ಈ ಮನೆಗೆ ಎಂಟಿಂಚು 1210, ಆರಿಂಚು 343, ನಾಲ್ಕಿಂಚು 284.

ಗಾರೆಗೆ ಸಿಮೆಂಟ್, ಮರಳು

ಒಂದು ಚದರ ಮೀಟರ್ ಗೋಡೆಗೆ 10 ಮಿ.ಮೀ. ಸಂದಿನಲ್ಲಿ ಕೂರುವ ಗಾರೆ: ಎಂಟಿಂಚಿಗೆ 0.0140 ಘನ ಮೀಟರ್, ಆರಿಂಚಿಗೆ 0.0103, ನಾಲ್ಕಿಂಚಿಗೆ 0.0066. ಕೆಳಗೆ ಬೀಳುವುದು, ಸಂದು ಹೆಚ್ಚುಕಡಿಮೆಯಾಗುವುದು ಸೇರಿ ಕಾಲು ಪಾಲು ಕೂಡಿಸಿ. ಹಸಿ ಗಾರೆಯಿಂದ ಒಣ ಸಾಮಾನಿಗೆ 1.3ರಿಂದ ಗುಣಿಸಿ.

ಎಂಟಿಂಚು ಮತ್ತು ಆರಿಂಚಿಗೆ 1:6. 93 × 0.0140 ಮತ್ತು 26.4 × 0.0103 ಸೇರಿ 1.57, ಕಾಲು ಕೂಡಿ 1.97, ಒಣ ಲೆಕ್ಕದಲ್ಲಿ 2.56 ಘನ ಮೀಟರ್. ಏಳರಲ್ಲಿ ಒಂದು ಪಾಲು ಸಿಮೆಂಟ್, ಅಂದರೆ ಹತ್ತೂವರೆ ಚೀಲ. ಆರು ಪಾಲು ಮರಳು, 77 ಘನ ಅಡಿ. ನಾಲ್ಕಿಂಚಿಗೆ 1:4 ಕಲಸಬೇಕು, ತೆಳು ಗೋಡೆಗೆ ಬಲ ಸಾಲದು. ಅದಕ್ಕೆ ಒಂದೂವರೆ ಚೀಲಕ್ಕೆ ಸ್ವಲ್ಪ ಕಡಿಮೆ, ಮರಳು ಏಳು ಘನ ಅಡಿ. ಒಟ್ಟು 12 ಚೀಲ, 84 ಘನ ಅಡಿ. ಒದ್ದೆ ಮರಳು ಉಬ್ಬಿ ಹೆಚ್ಚಾಗಿ ಕಾಣುತ್ತದೆ, ಹಾಗಾಗಿ ನೂರು ಘನ ಅಡಿ ತರಿಸಿ.

ಈ ಲೆಕ್ಕ ನಿಂತಿರುವುದು 10 ಮಿ.ಮೀ. ಸಂದಿನ ಮೇಲೆ. ಸಂದು 15 ಆದರೆ ಗಾರೆ ಸುಮಾರು ಒಂದೂವರೆ ಪಟ್ಟು ಬೇಕು, ಹದಿನಾಲ್ಕು ವರಸೆಗೆ ಗೋಡೆ 70 ಮಿ.ಮೀ. ಮೇಲೇಳುತ್ತದೆ, ಲಿಂಟಲಿನ ಮಟ್ಟ ಕೆಡುತ್ತದೆ. ಸಿಮೆಂಟ್ ಚೀಲ ಲೆಕ್ಕ ಮೀರಿ ಹೋಗುತ್ತಿದ್ದರೆ ಕಳ್ಳತನ ಅನುಮಾನಿಸುವ ಮೊದಲು ಸಂದಿಗೆ ಸ್ಕೇಲ್ ಹಿಡಿದು ನೋಡಿ.

ಲೋಡ್ ಬಂದಾಗ

ತಕ್ಕಡಿಗಿಂತ ಒಳ್ಳೆಯ ಪರೀಕ್ಷೆ ಸೈಟಿನಲ್ಲಿ ಬೇರೆ ಇಲ್ಲ. ಗಟ್ಟಿ ಬ್ಲಾಕಿಗೆ ಮಾನಕ ಹೇಳುವ ಕನಿಷ್ಠ ಸಾಂದ್ರತೆ ಘನ ಮೀಟರಿಗೆ 1800 ಕೆಜಿ. ಆ ಲೆಕ್ಕದಲ್ಲಿ ಒಣಗಿದ ಎಂಟಿಂಚಿನ ಬ್ಲಾಕ್ 25.3 ಕೆಜಿಗಿಂತ, ಆರಿಂಚಿನದು 18.7ಕ್ಕಿಂತ, ನಾಲ್ಕಿಂಚಿನದು 12ಕ್ಕಿಂತ ಕಡಿಮೆ ತೂಗಬಾರದು. ಚೆನ್ನಾಗಿ ಅದುಮಿದ ಬ್ಲಾಕ್ ಇದಕ್ಕಿಂತ ಹೆಚ್ಚೇ ತೂಗುತ್ತದೆ. ಎಂಟಿಂಚಿನದು 30 ಕೆಜಿ ಆಸುಪಾಸು, ಆರಿಂಚಿನದು 22. ತೂಕ ಕಡಿಮೆ ಬಂದರೆ ಒಳಗೆ ಗಾಳಿಗೂಡು ಉಳಿದಿದೆ ಎಂದರ್ಥ. ಒಡೆದು ನೋಡಿ. ಬರೀ ಕಲ್ಲುಪುಡಿಯಾಗಿ ಉದುರಿದರೆ ಆ ಲೋಡ್ ವಾಪಸ್ ಕಳಿಸಿ.

ನೀರು ಹೀರುವುದನ್ನೂ ಮನೆಯಲ್ಲೇ ನೋಡಬಹುದು. ಒಣ ಬ್ಲಾಕ್ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಮೇಲ್ಮೈ ಒರೆಸಿ ಮತ್ತೆ ತೂಗಿ. ಏರಿಕೆ ಹತ್ತು ಪರ್ಸೆಂಟ್ ಮೀರಬಾರದು. 22 ಕೆಜಿಯದು 24.2ರೊಳಗೆ ಇರಬೇಕು. ಬಲದ ಪರೀಕ್ಷೆಗೆ ಪ್ರಯೋಗಾಲಯ ಬೇಕು. ಭಾರಗೋಡೆಗೆ ಸಿ 5.0 ದರ್ಜೆ ಕೇಳಿ: ಎಂಟು ಬ್ಲಾಕಿನ ಸರಾಸರಿ ಚದರ ಮಿ.ಮೀ.ಗೆ 5 ನ್ಯೂಟನ್, ಯಾವೊಂದೂ 4ಕ್ಕಿಂತ ಕಡಿಮೆಯಿಲ್ಲ. ಎಂಟಿಂಚಿನ ಒಂದು ಬ್ಲಾಕ್ ಸುಮಾರು 38 ಟನ್ ಭಾರಕ್ಕೆ ನಿಲ್ಲಬೇಕು. ಎತ್ತರದಿಂದ ಬೀಳಿಸಿ ನೋಡುವುದು ಪರೀಕ್ಷೆಯಲ್ಲ. ಮಣ್ಣಿನ ಮೇಲೆ ಬಿದ್ದರೆ ಕೆಟ್ಟ ಬ್ಲಾಕೂ ಉಳಿಯುತ್ತದೆ.

ಹಸಿ ಬ್ಲಾಕ್ ಬೇಡ, ನೆನೆಸಿದ ಬ್ಲಾಕೂ ಬೇಡ

ಈ ಒಂದು ಮಾತನ್ನು ಪಾಲಿಸಿದರೆ ಬ್ಲಾಕ್ ಮನೆಯ ಅರ್ಧ ಬಿರುಕುಗಳು ಹುಟ್ಟುವುದಿಲ್ಲ. ಕಾಂಕ್ರೀಟ್ ಬ್ಲಾಕ್ ಒಣಗುವಾಗ ಕುಗ್ಗುತ್ತದೆ. ಮಾನಕ ಒಪ್ಪುವ ಗರಿಷ್ಠ ಕುಗ್ಗುವಿಕೆ 0.06 ಪರ್ಸೆಂಟ್. ಆರು ಮೀಟರ್ ಗೋಡೆಗೆ ಲೆಕ್ಕ ಹಾಕಿದರೆ 3.6 ಮಿ.ಮೀ. ಈ ಕುಗ್ಗುವಿಕೆ ಯಾರ್ಡಿನಲ್ಲೇ ಮುಗಿಯಬೇಕು. ಗೋಡೆಯಲ್ಲಿ ಕೂತ ಮೇಲೆ ಆದರೆ ಗೋಡೆ ಎಲ್ಲೋ ಒಂದು ಕಡೆ ಬಾಯಿಬಿಡುತ್ತದೆ. ಅದಕ್ಕೇ ಮಾನಕ 14 ದಿನ ನೀರುಣಿಸಿ, ಆಮೇಲೆ ನಾಲ್ಕು ವಾರ ಒಣಗಿಸಿ ಎನ್ನುತ್ತದೆ. ಒಟ್ಟು ಆರು ವಾರ. ಬೇಡಿಕೆ ಹೆಚ್ಚಿರುವ ತಿಂಗಳುಗಳಲ್ಲಿ ವಾರದ ಹಿಂದೆ ಅಚ್ಚು ಬಿಟ್ಟ ಬ್ಲಾಕ್ ಲಾರಿ ಹತ್ತುತ್ತದೆ. ಆದ್ದರಿಂದ ಪಾಯ ಶುರುವಾದಾಗಲೇ ಬ್ಲಾಕಿಗೆ ಹೇಳಿ, ಅಚ್ಚಿನ ತಾರೀಕು ಬರೆಸಿಕೊಳ್ಳಿ.

ಇಟ್ಟಿಗೆಯ ಅಭ್ಯಾಸದವರು ಕಟ್ಟುವ ಮುಂಚೆ ಬ್ಲಾಕಿನ ರಾಶಿಗೆ ಪೈಪ್ ಹಿಡಿಯುತ್ತಾರೆ. ಇಟ್ಟಿಗೆಗೆ ಅದು ಸರಿ, ಬ್ಲಾಕಿಗೆ ಅದೇ ಕೇಡು. ಒಣಗಿದ್ದು ಮತ್ತೆ ಉಬ್ಬಿ, ಗೋಡೆಯಲ್ಲಿ ಮತ್ತೆ ಕುಗ್ಗುತ್ತದೆ. ಬ್ಲಾಕನ್ನು ಒಣಗಿದಂತೆಯೇ ಕೂರಿಸಬೇಕು. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ ಗಾರೆಯ ನೀರು ಹೀರಿಬಿಡುತ್ತದೆ ಅನ್ನಿಸಿದರೆ ಗಾರೆ ತಾಗುವ ಮುಖಕ್ಕೆ ಒದ್ದೆ ಬ್ರಷ್ ಆಡಿಸಿ, ಅಷ್ಟು ಸಾಕು. ರಾಶಿಯನ್ನು ನೆಲಕ್ಕೆ ತಾಗದಂತೆ ಹಲಗೆ ಅಥವಾ ಕಲ್ಲಿನ ಮೇಲೆ ಪೇರಿಸಿ, ಮಳೆಗಾಲದಲ್ಲಿ ಟಾರ್ಪಾಲು ಹೊದಿಸಿ.

ಕಟ್ಟುವಾಗ

ಮೊದಲ ವರಸೆಯನ್ನು ಗಾರೆ ಹಾಕದೆ ಒಣಗೇ ಜೋಡಿಸಿ, ಸಂದಿಗೆ 10 ಮಿ.ಮೀ. ಕಡ್ಡಿ ಇಟ್ಟು ಪೂರ್ತಿ ಮನೆಯ ಸುತ್ತ ನೋಡಿ. ಬಾಗಿಲಿನ ಜಾಗ ಎಲ್ಲಿ ಬ್ಲಾಕಿನ ಮಧ್ಯಕ್ಕೆ ಬರುತ್ತದೆ, ಎಲ್ಲಿ ಕತ್ತರಿಸಬೇಕಾಗುತ್ತದೆ ಎಂಬುದು ಆಗಲೇ ಕಣ್ಣಿಗೆ ಬೀಳುತ್ತದೆ. ಅರ್ಧ ದಿನದ ಕೆಲಸ, ಆದರೆ ಮುಂದಿನ ಹದಿಮೂರು ವರಸೆಯೂ ಇದನ್ನೇ ಹಿಂಬಾಲಿಸುತ್ತವೆ. ಆಮೇಲೆ ನಾಲ್ಕೂ ಮೂಲೆಯಲ್ಲಿ 200 ಮಿ.ಮೀ.ಗೊಂದು ಗುರುತು ಹಾಕಿದ ಪಟ್ಟಿ ನಿಲ್ಲಿಸಿ, ದಾರ ಕಟ್ಟಿ ಕಟ್ಟಿರಿ. ಮೂಲೆಮಟ್ಟ, ರಸಮಟ್ಟ, ತೂಕದ ಗುಂಡು ಮೂರೂ ವರಸೆ ವರಸೆಗೂ ಆಡಬೇಕು.

ನಿಂತ ಸಂದಿಗೆ ಪೂರ್ತಿ ಗಾರೆ ಹಾಕಿ. ಬ್ಲಾಕ್ ಕೂರಿಸಿದ ಮೇಲೆ ಕರಣೆಯ ತುದಿಯಲ್ಲಿ ಮೇಲಿಂದ ತುರುಕಿದರೆ ಒಳಗೆ ಪೊಳ್ಳು ಉಳಿದು, ಮಳೆಗಾಲದಲ್ಲಿ ಪಡುವಣ ಗೋಡೆ ಒಳಗೆ ತೇವ ತೋರುತ್ತದೆ. ದಿನಕ್ಕೆ ಐದಾರು ವರಸೆಗಿಂತ ಹೆಚ್ಚು ಏರಿಸಬೇಡಿ. ಎಂಟಿಂಚಿನ ಬ್ಲಾಕ್ ಭಾರಕ್ಕೆ ಕೆಳಗಿನ ಹಸಿ ಗಾರೆ ಹಿಂಡಿ ಹೊರಬರುತ್ತದೆ, ಗೋಡೆ ಗುಂಡಿನಿಂದ ಆಚೆ ಹೋಗುತ್ತದೆ. ಒಮ್ಮೆ ಕೂತ ಬ್ಲಾಕನ್ನು ಮರುದಿನ ಬಡಿದು ಸರಿ ಮಾಡಬೇಡಿ. ತೆಗೆದು ಹೊಸ ಗಾರೆಯಲ್ಲಿ ಕೂರಿಸಿ. ನೀರುಣಿಸುವಾಗ ಸಂದಿನ ಗಾರೆಗೆ ಏಳು ದಿನ ಚಿಮುಕಿಸಿದರೆ ಸಾಕು, ಗೋಡೆ ತೊಯ್ಯುವಂತೆ ಹರಿಸುವುದು ಬೇಡ.

ನಾಲ್ಕಿಂಚಿನ ಗೋಡೆಯನ್ನು ದಪ್ಪ ಗೋಡೆಗೆ ಸುಮ್ಮನೆ ಆನಿಸಿ ನಿಲ್ಲಿಸಿದರೆ ಆ ಮೂಲೆ ಖಂಡಿತ ಸೀಳುತ್ತದೆ. ದಪ್ಪ ಗೋಡೆ ಕಟ್ಟುವಾಗಲೇ ಎರಡು ಮೂರು ವರಸೆಗೊಮ್ಮೆ 6 ಮಿ.ಮೀ. ಸರಳನ್ನು ಸಂದಿನಲ್ಲಿ ಹೊರಚಾಚಿ ಬಿಟ್ಟಿರಿ.

ದಾವಣಗೆರೆ ಸುತ್ತಿನ ಎರೆಭೂಮಿಯಲ್ಲಿ ಇನ್ನೊಂದು ಬಗೆಯ ಬಿರುಕು ಕಾಣುತ್ತದೆ, ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಏರುವಂಥದ್ದು. ಅದು ಬ್ಲಾಕಿನ ತಪ್ಪಲ್ಲ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿದು ಪಾಯವನ್ನೇ ಅಲ್ಲಾಡಿಸುತ್ತದೆ. ಚಿತ್ರದುರ್ಗದ ಕಲ್ಲುನೆಲದಲ್ಲಿ ನಡೆಯುವ ಪಾಯವನ್ನು ಇಲ್ಲಿ ಹಾಗೇ ಹಾಕಬಾರದು. ಗಟ್ಟಿ ನೆಲದವರೆಗೆ ಇಳಿಸಿ, ಪ್ಲಿಂತ್ ಮಟ್ಟದಲ್ಲಿ ಸರಳು ಹಾಕಿದ ಕಾಂಕ್ರೀಟ್ ಪಟ್ಟಿ ಸುತ್ತ ಕಟ್ಟಿ, ಪಾಯದ ಪಕ್ಕ ನೀರು ನಿಲ್ಲದಂತೆ ನೋಡಿಕೊಳ್ಳಿ.

ಪಿಲ್ಲರ್ ಮನೆಯಾದರೆ

ಎಣಿಕೆಯ ವಿಧಾನ ಅದೇ. ಉದ್ದವನ್ನು ಪಿಲ್ಲರಿನಿಂದ ಪಿಲ್ಲರಿಗೆ, ಎತ್ತರವನ್ನು ಪ್ಲಿಂತ್ ಬೀಮಿನ ಮೇಲಿಂದ ಛಾವಣಿ ಬೀಮಿನ ತಳಕ್ಕೆ ಹಿಡಿಯಿರಿ. ಒಂದೊಂದು ಅಂಕಣಕ್ಕೂ (ಎರಡು ಪಿಲ್ಲರುಗಳ ನಡುವಿನ ಗೋಡೆ) ಒಂದೊಂದು ಸಾಲು ಬರೆಯಿರಿ, ಎಲ್ಲ ಸೇರಿಸಿ ಒಂದೇ ಸಲ ಗುಣಿಸಬೇಡಿ. ಪಿಲ್ಲರುಗಳ ನಡುವಿನ ಅಂತರ 200ರ ಗುಣಕದಲ್ಲಿ ಇಲ್ಲದಿದ್ದರೆ ಪ್ರತಿ ವರಸೆಗೂ ಒಂದು ತುಂಡು ಬೇಕಾಗುತ್ತದೆ. ಅಂಥ ಅಂಕಣಕ್ಕೆ ವರಸೆಗೊಂದು ಪೂರ್ತಿ ಬ್ಲಾಕ್ ಎಂದೇ ಹಿಡಿಯಿರಿ.

ಬೀಮಿನ ತಳಕ್ಕೆ ಕೊನೆಯ ವರಸೆಯನ್ನು ಅದೇ ದಿನ ಬಿಗಿದು ಮುಚ್ಚುವುದು ತಪ್ಪು. ಗೋಡೆ ಕೂರುತ್ತದೆ, ಬೀಮೂ ಸ್ವಲ್ಪ ಬಾಗುತ್ತದೆ. ಎರಡು ಸೆಂಟಿಮೀಟರಿನಷ್ಟು ಸಂದು ಬಿಟ್ಟು, ಕನಿಷ್ಠ ಒಂದು ವಾರ ಕಳೆದ ಮೇಲೆ 1:4 ಗಾರೆ ತುಂಬಿ. ಕಾಂಕ್ರೀಟ್ ಮತ್ತು ಬ್ಲಾಕ್ ಸೇರುವ ಪ್ರತಿ ಗೆರೆಯ ಮೇಲೂ, ಎರಡೂ ಕಡೆ ಸುಮಾರು ಅರ್ಧ ಅಡಿ ಹರಡುವಂತೆ ಕೋಳಿಜಾಲರಿ ಬಡಿದು ಆಮೇಲೆ ಪ್ಲಾಸ್ಟರ್ ಮಾಡಿ.

ಬ್ಲಾಕನ್ನು ಒಂದೇ ಸಲ ಇಳಿಸಿಕೊಳ್ಳಬೇಡಿ. 1210 ಎಂಟಿಂಚಿನ ಬ್ಲಾಕ್ ಎಂದರೆ ಸುಮಾರು 36 ಟನ್. 30 × 40ರ ಸೈಟಿನಲ್ಲಿ ಅಷ್ಟನ್ನು ಪೇರಿಸಿದರೆ ಮರಳು ಸುರಿಯಲು ಜಾಗ ಉಳಿಯುವುದಿಲ್ಲ. ಲಿಂಟಲ್ ಮಟ್ಟದವರೆಗೆ ಬೇಕಾದದ್ದನ್ನು ಮೊದಲು ತರಿಸಿ, ಉಳಿದದ್ದನ್ನು ಅದೇ ಯಾರ್ಡಿನಲ್ಲಿ, ಅದೇ ಅಚ್ಚಿನಲ್ಲಿ ಒಣಗಲು ಬಿಡಿಸಿ. ಲಿಂಟಲ್ ಹಾಕಿದ ದಿನ ಸೈಟಿನಲ್ಲಿ ಉಳಿದ ಬ್ಲಾಕ್ ಎಣಿಸಿ, ಮೇಲಿನ ನಾಲ್ಕು ವರಸೆಗೂ ಪ್ಯಾರಾಪೆಟ್ಟಿಗೂ ಬೇಕಾದದ್ದರಲ್ಲಿ ಅದನ್ನು ಕಳೆದು ಎರಡನೆಯ ಲೋಡಿಗೆ ಸಂಖ್ಯೆ ಕೊಡಿ.